ನಾಣ್ಯಗಳ ಫೋಟೊ ತೆಗೆಯಲು ಕ್ಯಾಮೆರಾ, ಲೆನ್ಸ್, ದೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳ್ಳಿ ರೂಪಾಯಿ, ಟಿಪ್ಪುವಿನ ಆನೆ ಕಾಸು, ಮೈಸೂರಿನ ಪುಟ್ಟ ಚಿನ್ನದ ಕಂಠೀರಾಯಿ ಹಣ, ಎರಡು ಬಣ್ಣದ ಹತ್ತು ರೂಪಾಯಿ ಬಿಲ್ಲೆ. ಇವನ್ನೆಲ್ಲ ಮನೆಯ ಮೇಜಿನ ಮೇಲಿಟ್ಟು ಫೋಟೊ ತೆಗೆಯಲು ಕೂತವರಿಗೆ ಏಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಅಳತೆಗಳನ್ನೂ ಕೊಟ್ಟಿದ್ದೇವೆ. ಮೊದಲ ಸಲ ಅದರಂತೆಯೇ ಮಾಡಿ ನೋಡಿ, ಆಮೇಲೆ ನಿಮ್ಮ ನಾಣ್ಯಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

ಮೊಬೈಲ್ ಸಾಕೇ, ಕ್ಯಾಮೆರಾ ಬೇಕೇ?

ನಾಣ್ಯ 20 ಮಿ.ಮೀ.ಗಿಂತ ದೊಡ್ಡದಿದ್ದು, ಚಿತ್ರ ಬೇಕಿರುವುದು ವಾಟ್ಸ್‌ಆ್ಯಪ್‌ನಲ್ಲಿ ತೋರಿಸಲೋ ನಿಮ್ಮ ಸಂಗ್ರಹದ ಪಟ್ಟಿಗೋ ಆದರೆ ಮೊಬೈಲ್ ಧಾರಾಳವಾಗಿ ಸಾಕು. ಲೆಕ್ಕ ಹೀಗೆ: 12 ಮೆಗಾಪಿಕ್ಸೆಲ್ ಚಿತ್ರವೆಂದರೆ ಸುಮಾರು 4000 × 3000 ಪಿಕ್ಸೆಲ್. ನಾಣ್ಯ ಅದರ ಎತ್ತರದ ಅರ್ಧದಷ್ಟೇ ತುಂಬಿದರೂ 1500 ಪಿಕ್ಸೆಲ್ ವ್ಯಾಸ ಸಿಗುತ್ತದೆ. ಪರದೆಯ ಮೇಲೆ ನೋಡಲು ಅದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಮೊಬೈಲ್ ಸೋಲುವುದು ಮೂರು ಕಡೆ. ಹುಣಸೆಬೀಜಕ್ಕಿಂತ ಸಣ್ಣ ಚಿನ್ನದ ಹಣಗಳಲ್ಲಿ, ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಅಚ್ಚು ಹಾಕಿದ ಪ್ರೂಫ್ ನಾಣ್ಯಗಳಲ್ಲಿ, ಮತ್ತು ಇನ್ನೂರು ನಾಣ್ಯಗಳನ್ನು ಒಂದೇ ಬಣ್ಣ, ಒಂದೇ ಅಳತೆಯಲ್ಲಿ ತೆಗೆಯಬೇಕಾದಾಗ. ಮೂರನೆಯದೇ ನಿಜವಾದ ತಲೆನೋವು. ಮೊಬೈಲ್ ಪ್ರತಿ ಸಲವೂ ತನ್ನ ಬುದ್ಧಿ ಉಪಯೋಗಿಸಿ ಬಣ್ಣ ತಿದ್ದುತ್ತದೆ.

ಮೊಬೈಲ್‌ನಲ್ಲೇ ತೆಗೆಯುವುದಾದರೆ ಏನು ಗಮನಿಸಬೇಕು?

ಹತ್ತಿರ ಹೋದಂತೆ ಅನೇಕ ಫೋನ್‌ಗಳು ತಾವಾಗಿಯೇ ಅಲ್ಟ್ರಾವೈಡ್ ಲೆನ್ಸಿಗೆ ಬದಲಾಗಿ 'ಮ್ಯಾಕ್ರೊ' ಎಂದು ತೋರಿಸುತ್ತವೆ. ಅದನ್ನು ಆಫ್ ಮಾಡಿ. ಆ ಲೆನ್ಸಿಗೆ ಫೋನು ನಾಣ್ಯದಿಂದ 3–4 ಸೆಂ.ಮೀ. ದೂರಕ್ಕೆ ಬರಬೇಕು, ಆಗ ಫೋನಿನ ನೆರಳೇ ನಾಣ್ಯದ ಮೇಲೆ ಬಿದ್ದು ಬೆಳಕಿಗೆ ದಾರಿ ಇರುವುದಿಲ್ಲ. ಮುಖ್ಯ ಕ್ಯಾಮೆರಾದಲ್ಲಿ 2× ಇಟ್ಟುಕೊಂಡು 12–15 ಸೆಂ.ಮೀ. ಮೇಲಿನಿಂದ ತೆಗೆದು, ಆಮೇಲೆ ಕತ್ತರಿಸಿಕೊಳ್ಳಿ.

ಕೈಯಲ್ಲಿ ಹಿಡಿಯಬೇಡಿ. ಒಂದೇ ಎತ್ತರದ ಎರಡು ಡಬ್ಬಿಗಳ ನಡುವೆ ಗಾಜಿನ ತುಂಡೊಂದನ್ನು ಸೇತುವೆಯಂತೆ ಇಟ್ಟು, ಫೋನನ್ನು ಲೆನ್ಸಿನ ಭಾಗ ಮಾತ್ರ ಗಾಜಿನಿಂದ ಹೊರಗೆ ಚಾಚುವಂತೆ ಅದರ ಮೇಲೆ ಮಲಗಿಸಿದರೆ ಸ್ಟ್ಯಾಂಡ್ ಸಿದ್ಧ. ಪ್ರೊ ಮೋಡ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 50 ಅಥವಾ 100, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಲಾಕ್, 2 ಸೆಕೆಂಡ್ ಟೈಮರ್. ಫ್ಲ್ಯಾಶ್ ಬೇಡವೇ ಬೇಡ. ಅದು ನಾಣ್ಯದ ನಡುವೆ ಬಿಳಿ ಚುಕ್ಕೆ ಇಟ್ಟು ಉಳಿದದ್ದನ್ನು ಕಪ್ಪು ಮಾಡುತ್ತದೆ.

ಕೈಯಲ್ಲಿರುವ ದುಡ್ಡನ್ನು ಮೊದಲು ಯಾವುದಕ್ಕೆ ಹಾಕಬೇಕು?

ಮೊದಲು ದೀಪ, ಆಮೇಲೆ ಸ್ಟ್ಯಾಂಡ್, ಅದಾದಮೇಲೆ ಲೆನ್ಸ್, ಕೊನೆಗೆ ಕ್ಯಾಮೆರಾ. ಬಹಳ ಮಂದಿ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಹತ್ತು ವರ್ಷ ಹಳೆಯ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಬಾಡಿಯಲ್ಲೂ ಈ ಕೆಲಸಕ್ಕೆ ಬೇಕಾದ್ದೆಲ್ಲ ಇರುತ್ತದೆ: ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡಿ ತೆಗೆಯುವುದು), ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಕಡತ), ಟೈಮರ್. ನಾಣ್ಯ ಓಡಿಹೋಗುವುದಿಲ್ಲ, ಆದ್ದರಿಂದ ವೇಗದ ಫೋಕಸ್ ಬೇಡ. ಐಎಸ್‌ಒ 100 ದಾಟುವುದಿಲ್ಲ, ಆದ್ದರಿಂದ ಕತ್ತಲಲ್ಲಿ ಚೆನ್ನಾಗಿ ತೆಗೆಯುವ ಸೆನ್ಸರೂ ಬೇಡ.

ನನ್ನ ನಾಣ್ಯಕ್ಕೆ ಎಷ್ಟು ಮ್ಯಾಗ್ನಿಫಿಕೇಶನ್ ಬೇಕು?

ಸೆನ್ಸರಿನ ಗಿಡ್ಡ ಬದಿಯ ಅಳತೆಯನ್ನು 0.9ರಿಂದ ಗುಣಿಸಿ, ನಾಣ್ಯದ ವ್ಯಾಸದಿಂದ ಭಾಗಿಸಿ. ನಾಣ್ಯದ ಸುತ್ತ ಸ್ವಲ್ಪ ಜಾಗ ಬಿಟ್ಟು ಚೌಕಟ್ಟು ತುಂಬಲು ಬೇಕಾದ ಪಟ್ಟು (ಸೆನ್ಸರಿನ ಮೇಲೆ ಬೀಳುವ ಬಿಂಬ ನಾಣ್ಯದ ಎಷ್ಟು ಪಟ್ಟು ಎಂಬ ಅಂಕಿ) ಅದೇ. ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿನ ಗಿಡ್ಡ ಬದಿ ಸುಮಾರು 15.6 ಮಿ.ಮೀ., ದೊಡ್ಡ ಸೆನ್ಸರಾದ ಫುಲ್ ಫ್ರೇಮ್‌ನದು 24 ಮಿ.ಮೀ.

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ವ್ಯಾಸ ಸುಮಾರು 30.5 ಮಿ.ಮೀ. ಎಪಿಎಸ್-ಸಿಯಲ್ಲಿ ಅದಕ್ಕೆ 0.46 ಪಟ್ಟು, ಫುಲ್ ಫ್ರೇಮ್‌ನಲ್ಲಿ 0.7 ಪಟ್ಟು. 27 ಮಿ.ಮೀ.ನ ಹತ್ತು ರೂಪಾಯಿಗೆ 0.52 ಮತ್ತು 0.8. ಈ ಎರಡಕ್ಕೂ ಸಾಮಾನ್ಯ 1:1 (ಅಂದರೆ ಒಂದು ಪಟ್ಟಿನ) ಮ್ಯಾಕ್ರೊ ಲೆನ್ಸ್ ಮಿಗುತ್ತದೆ. ಆದರೆ 6–7 ಮಿ.ಮೀ.ನ ಕಂಠೀರಾಯಿ ಹಣಕ್ಕೆ ಎಪಿಎಸ್-ಸಿಯಲ್ಲೇ 2 ಪಟ್ಟು ಮೀರಬೇಕು, ಫುಲ್ ಫ್ರೇಮ್‌ನಲ್ಲಿ 3 ಪಟ್ಟು ದಾಟುತ್ತದೆ. ನಾಣ್ಯದ ಮಟ್ಟಿಗೆ ಸಣ್ಣ ಸೆನ್ಸರ್ ಒಂದು ಅನುಕೂಲವೇ ಹೊರತು ಕೊರತೆಯಲ್ಲ.

ಮ್ಯಾಕ್ರೊ ಲೆನ್ಸ್ ಯಾವುದು ಒಳ್ಳೆಯದು?

90ರಿಂದ 105 ಮಿ.ಮೀ. ಒಳಗಿನದು ಯಾವುದಾದರೂ ಸರಿ. ಟ್ಯಾಮ್ರಾನ್ 90, ಕ್ಯಾನನ್ 100, ಟೋಕಿನಾ 100, ನಿಕಾನ್ 105, ಎಲ್ಲವೂ ನಾಣ್ಯಕ್ಕೆ ಬೇಕಾದ್ದಕ್ಕಿಂತ ಚೂಪಾಗಿವೆ. ಹಳೆಯ ಮಾದರಿ ಸಾಕು. ಅಲುಗಾಟ ತಡೆಯುವ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಸ್ಟ್ಯಾಂಡ್ ಮೇಲೆ ಅದನ್ನು ಆಫ್ ಮಾಡಿಯೇ ಇಡಬೇಕು.

50–60 ಮಿ.ಮೀ. ಮ್ಯಾಕ್ರೊ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ನಾಣ್ಯಕ್ಕೆ ತೀರಾ ಹತ್ತಿರ ಬರುತ್ತದೆ. ಲೆನ್ಸಿನ ತುದಿಗೂ ನಾಣ್ಯಕ್ಕೂ ನಡುವೆ ದೀಪದ ಬೆಳಕು ಕಡಿದಾಗಿ ನುಗ್ಗಲು ಜಾಗ ಬೇಕು. ಆ ಜಾಗಕ್ಕಾಗಿಯೇ ಉದ್ದ ಲೆನ್ಸ್. ಕಿಟ್ ಲೆನ್ಸಿಗೆ ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ನಡುವಿನ ಪೊಳ್ಳು ಬಳೆ) ಹಾಕಿದಾಗಲೂ ಇದೇ ಸಮಸ್ಯೆ, ಜೊತೆಗೆ ಅಂಚಿನ ಅಕ್ಷರಗಳು ಮಸುಕಾಗುತ್ತವೆ.

ಕಡಿಮೆ ಖರ್ಚಿನಲ್ಲಿ ಅದೇ ಗುಣಮಟ್ಟ ಬರುವ ದಾರಿ ಇದೆಯೇ?

ಇದೆ. ಫಿಲ್ಮ್ ಕಾಲದ ಡಾರ್ಕ್‌ರೂಮಿನ ಎನ್‌ಲಾರ್ಜರ್ ಲೆನ್ಸ್ ಮತ್ತು ಒಂದು ಬೆಲ್ಲೋಸ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಮಡಿಕೆ ಕೊಳವೆ). ಎಲ್-ನಿಕ್ಕೋರ್, ರೋಡಗಾನ್, ಕಾಂಪೊನಾನ್ ಹೆಸರಿನ 75 ಅಥವಾ 80 ಮಿ.ಮೀ. ಲೆನ್ಸ್‌ಗಳನ್ನು ಹುಡುಕಿ. ಚಪ್ಪಟೆ ನೆಗೆಟಿವನ್ನು ಚಪ್ಪಟೆ ಕಾಗದದ ಮೇಲೆ ಬೀಳಿಸಲೆಂದೇ ಮಾಡಿದ ಲೆನ್ಸ್‌ಗಳಾದ್ದರಿಂದ ನಾಣ್ಯದ ನಡುವೂ ಅಂಚೂ ಒಂದೇ ಸಮ ಚೂಪಾಗಿ ಬರುತ್ತವೆ. ಬಹುತೇಕ ಎಂ39, ಅಂದರೆ 39 ಮಿ.ಮೀ. ತಿರುಪಿನವು. ಎಂ39ರಿಂದ ಎಂ42ಕ್ಕೆ ಒಂದು ಬಳೆ, ಎಂ42 ಬೆಲ್ಲೋಸ್, ಅಲ್ಲಿಂದ ನಿಮ್ಮ ಕ್ಯಾಮೆರಾದ ಮೌಂಟಿಗೆ ಇನ್ನೊಂದು ಅಡಾಪ್ಟರ್. ಒಟ್ಟು ನಾಲ್ಕು ತುಂಡು.

ಕೊಳ್ಳುವ ಮೊದಲು ಉದ್ದದ ಲೆಕ್ಕ ಹಾಕಿ. 75 ಮಿ.ಮೀ. ಲೆನ್ಸಿನಲ್ಲಿ ಅರ್ಧ ಪಟ್ಟಿಗೆ ಲೆನ್ಸಿನಿಂದ ಸೆನ್ಸರಿಗೆ ಸುಮಾರು 112 ಮಿ.ಮೀ. ಬೇಕು, ನಾಣ್ಯಕ್ಕೆ 225 ಮಿ.ಮೀ. ದೂರ ಸಿಗುತ್ತದೆ. ಒಂದು ಪಟ್ಟಿಗೆ ಎರಡೂ ಕಡೆ 150. ಡಿಎಸ್‌ಎಲ್‌ಆರ್ ಬಾಡಿಯೊಳಗೇ ಸುಮಾರು 45 ಮಿ.ಮೀ. ಹೋಗುತ್ತದೆ, ಉಳಿದದ್ದನ್ನು ಬೆಲ್ಲೋಸ್ ಮತ್ತು ಅಡಾಪ್ಟರ್ ಸೇರಿ ತುಂಬಬೇಕು. ಎರಡು ಪಟ್ಟು ದಾಟಬೇಕಾದರೆ 50 ಮಿ.ಮೀ. ಎನ್‌ಲಾರ್ಜರ್ ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿ. ಇಲ್ಲಿ ಆಟೋಫೋಕಸ್ ಇರುವುದಿಲ್ಲ, ಅಪರ್ಚರನ್ನು (ಬೆಳಕು ಬರುವ ತೂತು) ಕೈಯಿಂದ ತಿರುಗಿಸಬೇಕು. ನಾಣ್ಯಕ್ಕೆ ಅದರಿಂದ ಯಾವ ತೊಂದರೆಯೂ ಇಲ್ಲ.

ಹಳೆ ಲೆನ್ಸ್ ಕೈಗೆ ಬಂದೊಡನೆ ಟಾರ್ಚ್ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಸ್ಟು. ಕರಾವಳಿ, ಮಲೆನಾಡಿನಲ್ಲಿ ಇದ್ದ ಲೆನ್ಸ್‌ಗಳಲ್ಲಿ ಸಾಮಾನ್ಯ. ಅಂಥದ್ದು ಬಿಟ್ಟಿ ಸಿಕ್ಕರೂ ಬೇಡ.

ಸ್ಟ್ಯಾಂಡ್ ಎಂಥದ್ದಿರಬೇಕು? ಟ್ರೈಪಾಡ್ ಆಗದೇ?

ಕ್ಯಾಮೆರಾ ನೇರವಾಗಿ ಕೆಳಗೆ ನೋಡಬೇಕು. ಟ್ರೈಪಾಡಿನ ನಡುಗಂಬವನ್ನು ತಲೆಕೆಳಗು ಮಾಡಿ ಹಾಕಿದರೆ ಆಗುತ್ತದೆ, ಆದರೆ ಕಾಲುಗಳು ದೀಪಕ್ಕೂ ನಿಮ್ಮ ಕೈಗೂ ಅಡ್ಡ ಬರುತ್ತವೆ. ಮುಚ್ಚಿಹೋದ ಸ್ಟುಡಿಯೊಗಳ ಎನ್‌ಲಾರ್ಜರ್ ಗುಜರಿಗೆ ಬಂದರೆ ಬಿಡಬೇಡಿ. ತಲೆ ಬಿಚ್ಚಿ ಅಲ್ಲಿ ಕಾಲಿಂಚಿನ ಬೋಲ್ಟ್ ಕೂರಿಸಿದರೆ ಅಂಗಡಿಯ ಕಾಪಿ ಸ್ಟ್ಯಾಂಡಿಗಿಂತ ಗಟ್ಟಿಯಾದದ್ದು ಸಿಗುತ್ತದೆ.

ನಾಣ್ಯದ ಒಂದು ಅಂಚು ಚೂಪು, ಇನ್ನೊಂದು ಅಂಚು ಮಸುಕು. ಏಕೆ?

ಕ್ಯಾಮೆರಾ ವಾಲಿದೆ. 30 ಮಿ.ಮೀ. ನಾಣ್ಯದ ಮೇಲೆ 2 ಡಿಗ್ರಿ ವಾಲಿದರೆ ಎರಡು ಅಂಚುಗಳ ನಡುವೆ 1 ಮಿ.ಮೀ. ಏರುಪೇರಾಗುತ್ತದೆ. ರಸಮಟ್ಟ ಇಟ್ಟು ನೋಡುವುದಕ್ಕಿಂತ ಸುಲಭದ ಉಪಾಯ ಒಂದು ಚಪ್ಪಟೆ ಕನ್ನಡಿ. ನಾಣ್ಯ ಇಡುವ ಜಾಗದಲ್ಲಿ ಕನ್ನಡಿ ಇಡಿ, ಲೈವ್ ವ್ಯೂನಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಕಾಣುತ್ತದೆ. ಆ ಬಿಂಬದ ಕಪ್ಪು ಕಣ್ಣು ಚೌಕಟ್ಟಿನ ಸರಿಯಾಗಿ ನಡುವೆ ಬರುವವರೆಗೆ ಕ್ಯಾಮೆರಾ ತಿರುಗಿಸಿ ಬಿಗಿ ಮಾಡಿ. ಮೇಜೇ ವಾಲಿದ್ದರೂ ಪರವಾಗಿಲ್ಲ, ಕ್ಯಾಮೆರಾಗೂ ಮೇಜಿಗೂ ಹೊಂದಿದರೆ ಆಯಿತು.

ಫೋಕಸ್ ಸರಿ ಇದೆ, ಆದರೂ ಚಿತ್ರ ಮೆತ್ತಗಿದೆಯಲ್ಲ?

ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಿ. ಹಾಸ್ಯವಲ್ಲ, ಹಳೆ ಮನೆಗಳಲ್ಲಿ ಅದರ ನಡುಕ ಮೇಜಿನವರೆಗೂ ಇಳಿಯುತ್ತದೆ. ಮಹಡಿ ಮನೆಯಾದರೆ ಯಾರಾದರೂ ಓಡಾಡುವಾಗ ತೆಗೆಯಬೇಡಿ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೆದ್ದು ಹೊಡೆಯುವ ಪೆಟ್ಟೂ ಸೇರಿಕೊಳ್ಳುತ್ತದೆ. ಲೈವ್ ವ್ಯೂನಲ್ಲಿ, ಇದ್ದರೆ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಶಟರಿನ ಮೊದಲ ಅಲುಗಾಟ ತಪ್ಪಿಸುವ ಸೌಲಭ್ಯ) ಹಾಕಿ, ಟೈಮರಿನಿಂದ ತೆಗೆಯಿರಿ.

ಎರಡನೆಯ ಕಾರಣ ಅಪರ್ಚರ್. ಎಲ್ಲ ಚೂಪಾಗಲಿ ಎಂದು ಎಫ್ 22ಕ್ಕೆ ಮುಚ್ಚುತ್ತಾರೆ; ಅಷ್ಟು ಸಣ್ಣ ತೂತಿನಲ್ಲಿ ಬೆಳಕೇ ಚದುರಿ ಚಿತ್ರವೆಲ್ಲ ಮಂಜಾಗುತ್ತದೆ. ಮೇಲಾಗಿ ಹತ್ತಿರದ ಫೋಟೊದಲ್ಲಿ ಲೆನ್ಸಿನ ಮೇಲೆ ಬರೆದ ಅಂಕಿಯನ್ನು (1 + ಪಟ್ಟು) ಇಂದ ಗುಣಿಸಬೇಕು. 1 ಪಟ್ಟಿನಲ್ಲಿ ಎಫ್ 8 ಎಂಬುದು ನಿಜಕ್ಕೂ ಎಫ್ 16ರಂತೆ ವರ್ತಿಸುತ್ತದೆ. ಬೆಳ್ಳಿ ರೂಪಾಯಿಯಂಥದ್ದಕ್ಕೆ ಎಫ್ 8, ಒಂದು ಪಟ್ಟಿನ ಹತ್ತಿರ ಎಫ್ 5.6, ಎರಡು ಪಟ್ಟಿನಲ್ಲಿ ಎಫ್ 4.

ದೀಪ ಎಷ್ಟು, ಎಂಥವು?

ಎರಡು. ಮೂರನೆಯದು ಇದ್ದರೆ ಕೈಗೆ ಸಿಗುವಂತಿರಲಿ, ಆದರೆ ಎರಡರಲ್ಲಿ ಕೈ ಪಳಗುವವರೆಗೆ ಹೊತ್ತಿಸಬೇಡಿ. ಬೇಕಾದ ಕಡೆ ಬಗ್ಗುವ ಕತ್ತಿನ ಟೇಬಲ್ ಲ್ಯಾಂಪ್, ಅದರಲ್ಲಿ ಸಣ್ಣ ತಲೆಯ ಎಲ್‌ಇಡಿ ಬಲ್ಬ್. ತಲೆ ಸಣ್ಣದಿದ್ದಷ್ಟೂ ಲೆನ್ಸಿನ ಪಕ್ಕಕ್ಕೆ ತರಬಹುದು.

ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) ಎಷ್ಟೆಂದು ನೋಡಿ. ಮನೆಗೆ ತರುವ ಸಾಮಾನ್ಯ ಬಲ್ಬಿನದು 80ರ ಆಸುಪಾಸು. ಅದರ ಬೆಳಕಿನಲ್ಲಿ ಗಾಢ ಕೆಂಪು ಕಡಿಮೆ, ಹಾಗಾಗಿ ತಾಮ್ರ ಮಣ್ಣಿನಂತೆ, ಚಿನ್ನ ಹಿತ್ತಾಳೆಯಂತೆ ಕಾಣುತ್ತದೆ. 95 ಅಥವಾ ಹೆಚ್ಚು ಇದ್ದರೆ ಒಳ್ಳೆಯದು, 90ಕ್ಕಿಂತ ಕೆಳಗೆ ಬೇಡ. ಎರಡೂ ಬಲ್ಬ್ ಒಂದೇ ಕಂಪನಿಯ, ಒಂದೇ ಕೆಲ್ವಿನ್ನಿನವಾಗಿರಲಿ (ಬೆಳಕಿನ ಛಾಯೆಯ ಅಳತೆ). 4000 ಆಗಲಿ 5000 ಆಗಲಿ, ಎರಡೂ ಹೊಂದಿದರೆ ಸಾಕು. ತೆಗೆಯುವಾಗ ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪರದೆ ಎಳೆಯಿರಿ.

ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬಂದರೆ ಅದು ಬಲ್ಬಿನ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು 1/50 ಅಥವಾ ಇನ್ನೂ ನಿಧಾನ ಮಾಡಿ.

ದೀಪ ಎಲ್ಲಿಡಬೇಕು?

ಇಡೀ ಕೆಲಸದ ಜೀವ ಇರುವುದು ಇಲ್ಲೇ. ನಾಣ್ಯವನ್ನು ಗಡಿಯಾರದ ಮುಖವೆಂದು ತಿಳಿಯಿರಿ. ಒಂದು ದೀಪ 10 ಗಂಟೆಯ ಕಡೆ, ಇನ್ನೊಂದು 2 ಗಂಟೆಯ ಕಡೆ. ಎರಡೂ ಮೇಜಿನಿಂದ 60–70 ಡಿಗ್ರಿ ಎತ್ತರದಲ್ಲಿ, ಅಂದರೆ ಲೆನ್ಸಿನ ಬದಿಗೆ ಆತುಕೊಂಡಂತೆ. ಕೆಳಗಿನಿಂದ, ಅಂದರೆ 6 ಗಂಟೆಯ ಕಡೆಯಿಂದ ಮುಖ್ಯ ಬೆಳಕು ಎಂದೂ ಬರಬಾರದು. ಬೆಳಕು ಮೇಲಿನಿಂದ ಬೀಳುತ್ತದೆಂದು ನಮ್ಮ ಕಣ್ಣು ನಂಬಿರುತ್ತದೆ. ಕೆಳಗಿನಿಂದ ಬಿದ್ದರೆ ಉಬ್ಬು ತಗ್ಗಾಗಿ, ರಾಜನ ಮುಖ ಒಳಗೆ ಕೊರೆದಂತೆ ಕಾಣುತ್ತದೆ.

ಎತ್ತರ ಬದಲಾದಂತೆ ನಾಣ್ಯವೇ ಬೇರೆಯಾಗುತ್ತದೆ. 70 ಡಿಗ್ರಿಯಲ್ಲಿ ಲೋಹದ ಹೊಳಪೂ ಬಣ್ಣವೂ ಬರುತ್ತವೆ, ಗೀರುಗಳು ಅಡಗುತ್ತವೆ. 30 ಡಿಗ್ರಿಗೆ ಇಳಿಸಿದರೆ ಹೊಳಪು ಸತ್ತು ಗೀರು, ಸವೆತ, ಪೆಟ್ಟು ಎಲ್ಲ ಎದ್ದು ನಿಲ್ಲುತ್ತವೆ. ಆದ್ದರಿಂದ ಮಾರುವವರ ಫೋಟೊದಲ್ಲಿ ನಾಣ್ಯ ತುಂಬ ನುಣುಪಾಗಿ ಕಂಡರೆ, 30 ಡಿಗ್ರಿಯ ತಗ್ಗು ಬೆಳಕಿನಲ್ಲಿ ಇನ್ನೊಂದು ಫೋಟೊ ಕಳಿಸಿ ಎಂದು ಕೇಳುವುದು ತಪ್ಪಲ್ಲ.

ಐದನೇ ಜಾರ್ಜ್ ರೂಪಾಯಿಯೊಂದನ್ನು ಇಟ್ಟು ನೋಡಿ. ರಾಜನ ನಿಲುವಂಗಿಯ ಮೇಲೆ, ಸರದಲ್ಲಿ, ಪುಟ್ಟ ಆನೆಯೊಂದಿದೆ. 1911ರ ನಾಣ್ಯದಲ್ಲಿ ಅದರ ಸೊಂಡಿಲೂ ಕಾಲೂ ಗಿಡ್ಡವಾಗಿ ಹಂದಿಯಂತೆ ಕಂಡದ್ದರಿಂದ ಗದ್ದಲವೆದ್ದು, 1912ರಿಂದ ಅಚ್ಚನ್ನು ತಿದ್ದಿದರು. ಎರಡು ದೀಪವೂ ಒಂದೇ ಶಕ್ತಿಯಲ್ಲಿ ಎರಡೂ ಬದಿಯಿಂದ ಬಿದ್ದರೆ ಆನೆ ಚಪ್ಪಟೆಯಾಗಿ ಬಟ್ಟೆಯ ಕಸೂತಿಯಲ್ಲಿ ಕಳೆದುಹೋಗುತ್ತದೆ. 2 ಗಂಟೆಯ ದೀಪವನ್ನು ಒಂದು ಗೇಣು ಹಿಂದಕ್ಕೆ ಸರಿಸಿ. ಈಗ 10ರ ಕಡೆಯ ಬೆಳಕು ಮೇಲುಗೈಯಾಗಿ ಆನೆಯ ಬೆನ್ನಿಗೆ ಗೆರೆ, ಹೊಟ್ಟೆಯ ಕೆಳಗೆ ತೆಳು ನೆರಳು ಬರುತ್ತದೆ. ಸೊಂಡಿಲು ಬೇರೆಯಾಗಿ ಕಾಣುವುದು ಆಗಲೇ.

ಇನ್ನೂ ಬಳಕೆಯಾಗದ ನಾಣ್ಯದಲ್ಲಿ ಬಂಡಿಚಕ್ರದ ಅರೆಗಳಂತೆ ಹೊಳಪಿನ ಪಟ್ಟಿಗಳು ತಿರುಗುತ್ತವೆ. ದೀಪ ಮುಟ್ಟದೆ ನಾಣ್ಯವನ್ನು ಮಾತ್ರ ಐದೈದು ಡಿಗ್ರಿ ತಿರುಗಿಸುತ್ತ ಹೋಗಿ, ಪಟ್ಟಿಯೊಂದು ಕೆನ್ನೆಯ ಮೇಲೆ, ಇನ್ನೊಂದು ಬಯಲಿನ (ಕೆತ್ತನೆಯಿಲ್ಲದ ಸಮತಟ್ಟು ಭಾಗ) ಮೇಲೆ ಬಂದಾಗ ನಿಲ್ಲಿಸಿ. ವಾಲಿದ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ನೇರ ಮಾಡಬಹುದು.

ಲೈಟ್ ಬಾಕ್ಸ್, ಬಿಳಿ ಗುಡಾರ ಕೊಳ್ಳಲೇ?

ಬೇಡ. ಆಭರಣಕ್ಕೆ ಅದು ಸರಿ. ಎಲ್ಲ ಕಡೆಯಿಂದ ಸಮ ಬೆಳಕು ಬಿದ್ದರೆ ನಾಣ್ಯದ ಉಬ್ಬಿಗೆ ನೆರಳೇ ಇರುವುದಿಲ್ಲ, ಬೆಳ್ಳಿ ಬೂದಿ ಬಣ್ಣದ ಬಿಲ್ಲೆಯಾಗುತ್ತದೆ. ದೀಪದ ಬಿಂಬ ಕಣ್ಣು ಕುಕ್ಕುವಂತಿದ್ದರೆ ಬಲ್ಬಿನ ಮುಂದೆ ಟ್ರೇಸಿಂಗ್ ಪೇಪರಿನ ಒಂದೇ ಪದರ ಸಾಕು.

ಪ್ರೂಫ್ ನಾಣ್ಯ ಪೂರ್ತಿ ಕಪ್ಪಾಗಿ ಬರುತ್ತದೆ. ಏನು ಮಾಡಲಿ?

ಪ್ರೂಫ್ ನಾಣ್ಯದ ಬಯಲು ಕನ್ನಡಿ. ಅದು ತೋರಿಸುವುದು ತನ್ನ ನೇರ ಮೇಲಿರುವ ಕಪ್ಪು ಲೆನ್ಸನ್ನೇ. ಕೆತ್ತನೆ ಮಂಜುಮಂಜಾಗಿ ಬಿಳಿಯಾಗಿ, ಬಯಲು ಕಪ್ಪಾಗಿ ಬಂದರೆ ಕೆಲವರಿಗೆ ಅದೇ ಇಷ್ಟ. ಬಯಲೂ ಬೆಳಗಬೇಕೆಂದರೆ ಬೆಳಕು ಲೆನ್ಸಿನ ದಾರಿಯಲ್ಲೇ ಇಳಿಯಬೇಕು.

ಅದಕ್ಕೆ ಫೋಟೊ ಫ್ರೇಮಿನ ತೆಳು ಗಾಜು, 10 × 10 ಸೆಂ.ಮೀ.ನದು ಸಾಕು. ನಾಣ್ಯಕ್ಕೂ ಲೆನ್ಸಿಗೂ ನಡುವೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಗಾಜಿನ ಕೆಳಮುಖ ಯಾವ ಕಡೆಗೆ ನೋಡುತ್ತದೋ ಆ ಕಡೆಯಿಂದ ದೀಪವನ್ನು ಮೇಜಿಗೆ ಸಮಾನಾಂತರವಾಗಿ ಬಿಡಿ. ಗಾಜು ಅದರ ಸ್ವಲ್ಪ ಭಾಗವನ್ನು ನೇರ ಕೆಳಗೆ ನಾಣ್ಯದ ಮೇಲೆ ತಿರುಗಿಸುತ್ತದೆ. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ದೀಪದ ಬೆಳಕು ಗಾಜಿಗೆ ಹೋಗದೆ ನೇರವಾಗಿ ನಾಣ್ಯದ ಮೇಲೂ ಬೀಳುವುದು. ನಡುವೆ ಕಪ್ಪು ಚಾರ್ಟ್ ಪೇಪರಿನ ಗಿಡ್ಡ ಗೋಡೆ ನಿಲ್ಲಿಸಿ. ಎರಡು, ದೀಪದ ಎದುರು ಬದಿಯ ಗೋಡೆ ಗಾಜಿನ ಮೇಲ್ಮೈಯಲ್ಲಿ ಪ್ರತಿಫಲಿಸಿ ಚಿತ್ರ ತೊಳೆದಂತಾಗುವುದು. ಆ ಕಡೆ ಕಪ್ಪು ಬಟ್ಟೆ ನೇತುಹಾಕಿ.

ಗಾಜು ತಿರುಗಿಸುವುದು ಬಂದ ಬೆಳಕಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ, ಉಳಿದದ್ದು ಹಾದುಹೋಗುತ್ತದೆ. ಆದ್ದರಿಂದ ಎಕ್ಸ್‌ಪೋಷರ್ ಹತ್ತಾರು ಪಟ್ಟು ಉದ್ದವಾದರೆ ಗಾಬರಿ ಬೇಡ. ಸವೆದ ನಾಣ್ಯಕ್ಕೆ ಈ ವಿಧಾನ ಹಾಕಬೇಡಿ, ಉಬ್ಬೆಲ್ಲ ಮಾಯವಾಗುತ್ತದೆ.

ಟಿಪ್ಪು ಕಾಲದ ತಾಮ್ರದ ಆನೆ ಕಾಸು ಕಪ್ಪು ಮುದ್ದೆಯಂತೆ ಬರುತ್ತದೆ.

ಕಪ್ಪಾದ ತಾಮ್ರದಲ್ಲಿ ಹೊಳಪಿಲ್ಲ, ಬಣ್ಣವೂ ಕಡಿಮೆ. ಆಕಾರ ಮಾತ್ರ ಉಳಿದಿದೆ. ಹಾಗಾಗಿ ಬೆಳ್ಳಿಯ ಲೆಕ್ಕ ಇಲ್ಲಿ ನಡೆಯದು. ಒಂದೇ ದೀಪ, 10–11 ಗಂಟೆಯ ಕಡೆಯಿಂದ, 40 ಡಿಗ್ರಿಯಲ್ಲಿ. ಎದುರು ಬದಿ 4–5 ಗಂಟೆಯ ಜಾಗದಲ್ಲಿ ಅಂಗೈಯಗಲದ ಬಿಳಿ ಕಾರ್ಡು ನಿಲ್ಲಿಸಿ, ನೆರಳು ಪೂರ್ತಿ ಕಪ್ಪಾಗದಂತೆ. ಆನೆಯ ಕಾಲುಗಳ ನಡುವೆ ನೆರಳು ತುಂಬಿಕೊಂಡರೆ ಕಾರ್ಡನ್ನು ಹತ್ತಿರ ತನ್ನಿ.

ಹಿನ್ನೆಲೆ ಬಿಳಿ ಇದ್ದರೆ ಕ್ಯಾಮೆರಾದ ಮೀಟರು ಮೋಸ ಹೋಗಿ ನಾಣ್ಯವನ್ನು ಇನ್ನೂ ಕಪ್ಪು ಮಾಡುತ್ತದೆ. ಮ್ಯಾನ್ಯುಯಲ್‌ನಲ್ಲಿ ಒಂದು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು) ಹೆಚ್ಚು ಕೊಡಿ. ಅಕ್ಷರ ಎದ್ದು ಕಾಣಲೆಂದು ಎಣ್ಣೆ ಸವರುವುದು, ಸುಣ್ಣದ ಪುಡಿ ತುಂಬುವುದು ಮಾಡಬೇಡಿ. ಆ ಎಣ್ಣೆ ತೂತುಗಳೊಳಗೆ ಉಳಿದು ಧೂಳು ಹಿಡಿಯುತ್ತದೆ.

ಸವೆದ ಅಕ್ಷರ ಓದಲು ಫೋಟೊ ನೆರವಾಗುತ್ತದೆಯೇ?

ಆಗುತ್ತದೆ, ಕಣ್ಣಿಗಿಂತ ಚೆನ್ನಾಗಿ. ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನ ತಾಮ್ರದ ನಾಣ್ಯದಲ್ಲಿ ಸಿಂಹದ ಜೊತೆಗೆ ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಬರುತ್ತವೆ. ಸವೆದ ಪ್ರತಿಯಲ್ಲಿ ಕನ್ನಡದ 'ಕಾಸು' ಮಾತ್ರ ಅರ್ಧ ಉಳಿದಿರಬಹುದು. ಕ್ಯಾಮೆರಾ, ನಾಣ್ಯ ಎರಡನ್ನೂ ಅಲುಗಿಸದೆ, ಒಂದೇ ದೀಪವನ್ನು ಮೇಜಿನಿಂದ 15–20 ಡಿಗ್ರಿ ಎತ್ತರದಲ್ಲಿ ಹಿಡಿದು 12, 3, 6, 9 ಗಂಟೆಯ ಕಡೆಯಿಂದ ನಾಲ್ಕು ಚಿತ್ರ ತೆಗೆಯಿರಿ. ಅಡ್ಡಗೆರೆಗಳು 12ರ ಬೆಳಕಿಗೆ, ಉದ್ದಗೆರೆಗಳು 3 ಮತ್ತು 9ರ ಬೆಳಕಿಗೆ ಎದ್ದೇಳುತ್ತವೆ. ನಾಲ್ಕನ್ನೂ ಪರದೆಯ ಮೇಲೆ ಒಂದಾದ ಮೇಲೊಂದು ಬೇಗಬೇಗ ಬದಲಾಯಿಸುತ್ತ ನೋಡಿದರೆ ಗೀರು ಯಾವುದು, ಅಕ್ಷರದ ಕಾಲು ಯಾವುದು ಎಂದು ಬೇರೆಯಾಗುತ್ತದೆ. 6ರ ಕಡೆಯ ಬೆಳಕನ್ನು ನಾವು ಒಪ್ಪುವುದು ಇದೊಂದೇ ಕೆಲಸಕ್ಕೆ.

ಕಂಠೀರಾಯಿ ಹಣ, ಪದ್ಮಟಂಕದಂಥ ಚಿನ್ನದ ನಾಣ್ಯಗಳು?

ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಅಚ್ಚು ಹಾಕಿಸಿದ ನರಸಿಂಹನ ಹಣ ಅರ್ಧ ಗ್ರಾಮೂ ತೂಗುವುದಿಲ್ಲ. ಉಸಿರು ಬಿಟ್ಟರೆ ಹಾರುತ್ತದೆ. ಕೆಳಗೆ ಅಂಚು ಎತ್ತರಿಸಿದ ತಟ್ಟೆ ಇಟ್ಟುಕೊಂಡೇ ಕೂರಿ.

2 ಪಟ್ಟಿನಲ್ಲಿ ಎಫ್ 4 ಇಟ್ಟರೆ ಚೂಪಾಗುವ ಆಳ ಸುಮಾರು 0.1 ಮಿ.ಮೀ. ಮಾತ್ರ. ನರಸಿಂಹನ ಮಂಡಿ ಚೂಪಾದರೆ ಬಯಲು ಮಸುಕು. ಹಾಗಾಗಿ ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಮಟ್ಟದಲ್ಲಿ ಚೂಪಾದ ಚಿತ್ರಗಳನ್ನು ಒಂದಾಗಿ ಜೋಡಿಸುವುದು) ಬೇಕು: ಮೇಲಿನ ತುದಿಯಿಂದ ಶುರುಮಾಡಿ ಪ್ರತಿ ಸಲ 0.07 ಮಿ.ಮೀ.ನಷ್ಟು ಇಳಿಸುತ್ತ ಎಂಟು–ಹತ್ತು ಚಿತ್ರ. ಲೆನ್ಸಿನ ಬಳೆ ತಿರುಗಿಸಿ ಇಷ್ಟು ಸಣ್ಣ ಹೆಜ್ಜೆ ಹಾಕುವುದು ಕಷ್ಟ; ಸೂಕ್ಷ್ಮ ತಿರುಪಿನ ಫೋಕಸಿಂಗ್ ರೈಲು ಅಥವಾ ಹಳೆ ಮೈಕ್ರೊಸ್ಕೋಪಿನ ಸೂಕ್ಷ್ಮವಾಗಿ ಏರಿಳಿಸುವ ತಿರುಗುಗುಬ್ಬಿ ಹೇಳಿ ಮಾಡಿಸಿದಂತಿರುತ್ತದೆ. ಜೋಡಿಸಲು ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎಂಬ ತಂತ್ರಾಂಶಗಳಿವೆ. ಪದ್ಮಟಂಕ ಬಟ್ಟಲಿನಂತೆ ಗುಳಿಬಿದ್ದ ನಾಣ್ಯ. ಅಲ್ಲಿ ಪಟ್ಟು ಕಡಿಮೆಯಾದರೂ ಅಂಚಿಗೂ ನಡುವಿಗೂ ಎತ್ತರದ ವ್ಯತ್ಯಾಸವಿರುವುದರಿಂದ ಇದೇ ವಿಧಾನ.

ಚಿನ್ನ ಸುತ್ತಲಿನ ಬಣ್ಣವನ್ನೆಲ್ಲ ಹೀರುತ್ತದೆ. ಕೆಂಪು ಮಖಮಲ್ಲಿನ ಮೇಲಿಟ್ಟ ಹಣದ ಅಂಚು ಕೆಂಪಗೆ ಬರುತ್ತದೆ. ನೀವು ಹಾಕಿಕೊಂಡ ಹಸಿರು ಅಂಗಿಯೂ ಬರಬಹುದು. ಬಿಳಿ, ಬೂದು, ಕಪ್ಪು ಬಿಟ್ಟು ಬೇರೇನೂ ಸುತ್ತ ಬೇಡ.

ಬಣ್ಣ ಸರಿಯಾಗಿ ಬರಲು?

ನಾಣ್ಯದ ಜಾಗದಲ್ಲಿ ಗ್ರೇ ಕಾರ್ಡ್ (ಯಾವ ಛಾಯೆಯೂ ಇಲ್ಲದ ಬೂದು ಕಾರ್ಡು) ಇಟ್ಟು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ. ದೀಪ ಬದಲಾಯಿಸಿದರೆ ಮತ್ತೆ ಮಾಡಿ. ಝೆರಾಕ್ಸ್ ಕಾಗದಕ್ಕೆ ಬೆಳ್ಳಗೆ ಕಾಣಲು ನೀಲಿ ಮಿನುಗಿನ ರಾಸಾಯನಿಕ ಹಾಕಿರುತ್ತಾರೆ, ಅದನ್ನು ನಂಬಬೇಡಿ. ರಾ ಫೈಲಿನಲ್ಲೇ ತೆಗೆಯಿರಿ. ಹತ್ತು ರೂಪಾಯಿಯ ಬಿಲ್ಲೆ ಒಳ್ಳೆಯ ಪರೀಕ್ಷೆ: ಹೊರಬಳೆ ಹಳದಿಯಾಗಿ, ನಡುಭಾಗ ಯಾವ ಛಾಯೆಯೂ ಇಲ್ಲದೆ ಬೂದಾಗಿ ಬಂದರೆ ನಿಮ್ಮ ಬಣ್ಣ ಸರಿ ಇದೆ.

ಹಿನ್ನೆಲೆಯಲ್ಲಿ ನೆರಳು ಬೀಳದಂತೆ ಮಾಡುವುದು ಹೇಗೆ?

ನಾಣ್ಯವನ್ನು ಮೇಲೆತ್ತಿ. ನಾಣ್ಯಕ್ಕಿಂತ ಸ್ವಲ್ಪ ಕಿರಿದಾದ 4–5 ಸೆಂ.ಮೀ. ಎತ್ತರದ ಡಬ್ಬಿಯ ಮೇಲೆ ಇಟ್ಟರೆ ಹಿನ್ನೆಲೆ ಫೋಕಸಿನಿಂದ ಹೊರಗೆ ಹೋಗುತ್ತದೆ, ನೆರಳು ಚೌಕಟ್ಟಿನಾಚೆ ಬೀಳುತ್ತದೆ, ಕತ್ತರಿಸುವ ಕೆಲಸವೂ ಸುಲಭ. ಕಪ್ಪು ಮಖಮಲ್ಲು ನೋಡಲು ಚೆಂದ, ಆದರೆ ಅದರ ನೂಲಿನ ಚೂರು ನಾಣ್ಯದ ಮೇಲೆ ಕೂತರೆ ದೊಡ್ಡ ಚಿತ್ರದಲ್ಲಿ ಹಗ್ಗದಂತೆ ಕಾಣುತ್ತದೆ.

ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿರುವ (ಮುಚ್ಚಿ ಮೊಹರು ಮಾಡಿದ ಪಾರದರ್ಶಕ ಪೆಟ್ಟಿಗೆ) ನಾಣ್ಯ?

ಬೆಳಕನ್ನು ಇನ್ನಷ್ಟು ಕಡಿದು ಮಾಡುವ ಬದಲು ಸ್ಲ್ಯಾಬಿನ ಒಂದು ಬದಿಗೆ ದಪ್ಪ ಕಾಗದದ ಮಡಿಕೆ ಕೊಟ್ಟು ಒಂದೆರಡು ಡಿಗ್ರಿ ಓರೆ ಮಾಡಿ, ಬಿಂಬ ಲೆನ್ಸಿನಾಚೆ ಸರಿಯುತ್ತದೆ. ಪೋಲರೈಸರ್ (ಹೊಳಪು ತಡೆಯುವ ಫಿಲ್ಟರ್) ಹಾಕಿದರೆ ಪ್ಲಾಸ್ಟಿಕ್ಕಿನ ಹೊಳಪಿನ ಜೊತೆ ನಾಣ್ಯದ ಜೀವವೂ ಹೋಗಬಹುದು. ಸ್ಲ್ಯಾಬಿನ ಮೇಲಿನ ಗೀರು ನಾಣ್ಯದ ಗೀರಲ್ಲವೆಂದು ತೋರಿಸಲು ಎರಡು ಕೋನದಲ್ಲಿ ತೆಗೆಯಿರಿ; ಪ್ಲಾಸ್ಟಿಕ್ಕಿನ ಗೀರು ನಾಣ್ಯದ ಮೇಲೆ ಜಾಗ ಬದಲಾಯಿಸುತ್ತದೆ.

ಫೋಟೊಗೆ ಮೊದಲು ನಾಣ್ಯ ತೊಳೆಯಬೇಕೇ?

ಹುಣಸೆಹಣ್ಣು, ವಿಭೂತಿ, ಪಾತ್ರೆ ಉಜ್ಜುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಉಜ್ಜಿದ ನಾಣ್ಯ ಬರಿಗಣ್ಣಿಗೆ ಮಿರುಗುತ್ತದೆ, ಮ್ಯಾಕ್ರೊದಲ್ಲಿ ಒಂದೇ ದಿಕ್ಕಿನ ನೂರಾರು ಗೀರು ಕಾಣುತ್ತವೆ. ಹೋದ ಬೆಲೆ ವಾಪಸ್ ಬರುವುದಿಲ್ಲ. ರಬ್ಬರ್ ಬ್ಲೋವರಿನಿಂದ ಧೂಳು ಊದಿ, ಅಷ್ಟೇ. ಬಾಯಿಂದ ಊದಿದರೆ ಉಗುಳಿನ ಹನಿ ಬಿದ್ದು ಬೆಳ್ಳಿಯ ಮೇಲೆ ಕಾಲಾಂತರದಲ್ಲಿ ಕಲೆಯಾಗುತ್ತದೆ. ಅಂಚನ್ನು ಮಾತ್ರ ಹಿಡಿಯಿರಿ, ಕೆಳಗೆ ಮೆತ್ತನೆ ಬಟ್ಟೆ ಹಾಸಿರಲಿ.

ತೆಗೆದ ಮೇಲೆ ಎಷ್ಟು ತಿದ್ದಬಹುದು?

ನೇರ ಮಾಡುವುದು, ದುಂಡಗೆ ಕತ್ತರಿಸುವುದು, ಹೊಳಪು-ಕಪ್ಪಿನ ಮಟ್ಟ ಸರಿಮಾಡುವುದು, ಸ್ವಲ್ಪ ಶಾರ್ಪನ್ ಮಾಡುವುದು. ಬಿಟ್ಟಿಯಾಗಿ ಸಿಗುವ ಗಿಂಪ್‌ನಲ್ಲಿ ಎಲಿಪ್ಸ್ ಸೆಲೆಕ್ಟ್‌ಗೆ 1:1 ಅನುಪಾತ ಕಟ್ಟಿಹಾಕಿದರೆ ದುಂಡು ಸಿಗುತ್ತದೆ. ಆದರೆ ಕೈಯಿಂದ ಅಚ್ಚು ಹಾಕಿದ ಹಳೆ ನಾಣ್ಯಗಳ ಅಂಚು ದುಂಡಗಿರುವುದಿಲ್ಲ. ಅವನ್ನು ಬಲವಂತವಾಗಿ ದುಂಡಾಗಿಸದೆ ಇದ್ದ ಹಾಗೇ ಬಿಡಿ. ಕಲೆ ಅಳಿಸುವುದು, ಗೀರು ಮುಚ್ಚುವುದು ತಿದ್ದುವಿಕೆಯಲ್ಲ, ಮೋಸ.

ಎರಡೂ ಬದಿಯನ್ನು ಒಂದೇ ಅಳತೆಗೆ ತಂದು ಪಕ್ಕಪಕ್ಕ ಜೋಡಿಸಿ. ಕಡತದ ಹೆಸರಿನಲ್ಲೇ ತೂಕ, ವ್ಯಾಸ ಸೇರಿಸಿ. ತೂಕ 0.01 ಗ್ರಾಂವರೆಗೆ ಇರಲಿ. ಗಣರಾಜ್ಯದ ನಾಣ್ಯವಾದರೆ ಇಸವಿಯ ಕೆಳಗಿನ ಟಂಕಸಾಲೆ ಗುರುತು ಓದುವಂತಿದೆಯೇ ನೋಡಿ: ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ದುಂಡು ಚುಕ್ಕೆ, ಮುಂಬೈಗೆ ವಜ್ರಾಕೃತಿ, ಕೋಲ್ಕತ್ತಕ್ಕೆ ಗುರುತಿಲ್ಲ. ಚುಕ್ಕೆಯೋ ವಜ್ರವೋ ಗೊತ್ತಾಗದಿದ್ದರೆ ಚಿತ್ರ ಇನ್ನೊಮ್ಮೆ ತೆಗೆಯುವುದೇ ಸರಿ.

ಚಿತ್ರವನ್ನು ಬೇರೆಯವರಿಗೆ ಕಳಿಸುವಾಗ ಎಚ್ಚರ ವಹಿಸಬೇಕಾದ್ದೇನಾದರೂ ಇದೆಯೇ?

ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಇಲ್ಲದಿದ್ದರೆ ಚಿನ್ನದ ವರಾಹದ ಚಿತ್ರದ ಜೊತೆಗೆ ಅದಿರುವ ಮನೆಯ ಜಾಗವೂ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ. ವಿವರ ಉಳಿಯಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಆದರೆ ಆಗ ಲೊಕೇಶನ್ ಮಾಹಿತಿಯೂ ಹಾಗೆಯೇ ದಾಟುತ್ತದೆ ಎಂಬುದು ನೆನಪಿರಲಿ. ವಿದೇಶದ ತಜ್ಞರ ಅಭಿಪ್ರಾಯ ಬೇಕಿದ್ದರೆ ಕಳಿಸಬೇಕಾದ್ದು ಚಿತ್ರವನ್ನೇ: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯಾಗಿ ದೇಶದಾಚೆ ಕಳಿಸುವಂತಿಲ್ಲ. ಅಂಥವರಿಗೆ ಎರಡೂ ಬದಿಯ ಜೊತೆಗೆ ಅಂಚಿನ ಚಿತ್ರವೊಂದು, 30 ಡಿಗ್ರಿ ಬೆಳಕಿನ ಚಿತ್ರವೊಂದು, ಪಕ್ಕದಲ್ಲಿ ಮಿ.ಮೀ. ಅಳತೆಪಟ್ಟಿ ಇಟ್ಟು ತೆಗೆದದ್ದೊಂದು ಕಳಿಸಿ. ಅಳತೆಪಟ್ಟಿಯನ್ನು ನಾಣ್ಯದ ಮೇಲ್ಮೈಯ ಮಟ್ಟಕ್ಕೆ ಎತ್ತಿಡಿ, ಮೇಜಿನ ಮೇಲೆ ಇಟ್ಟರೆ ನಾಣ್ಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.